ಪಿಟ್ಟಿಯಲ್ಲಿ ಕಡಲಹಕ್ಕಿಗಳ ಗೂಡು ಎಣಿಸುವುದು: ದೋಣಿ ಹತ್ತುವ ಮೊದಲಿನಿಂದ ಲೆಕ್ಕ ಒಪ್ಪಿಸುವ ತನಕ

ತಪ್ಪು ಮತ್ತೆ ಮತ್ತೆ ಒಂದೇ. ತಂಡ ಲಕ್ಷದ್ವೀಪಕ್ಕೆ ಹೋಗುತ್ತದೆ, ಕತ್ತಲಿರುವಾಗಲೇ ಕವರತ್ತಿಯಿಂದ ದೋಣಿ ಬಿಡುತ್ತದೆ, ಪಿಟ್ಟಿ ಕಂಡದ್ದೇ ತಡ ಎಲ್ಲರೂ ಇಳಿದು ಅತ್ತಿತ್ತ ನಡೆಯಲು ಶುರು ಮಾಡುತ್ತಾರೆ, ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಕಿವಿ ಹರಿಯುವ ಹಾಗೆ ಕಿರುಚುತ್ತವೆ, ಆ ಗಲಾಟೆಯಲ್ಲೇ ಎಣಿಕೆ. ಸಂಜೆ ಪುಸ್ತಕ ಬಿಚ್ಚಿದರೆ ನಾಲ್ವರದ್ದು ನಾಲ್ಕು ಸಂಖ್ಯೆ. ಒಬ್ಬರದ್ದು ಇನ್ನೊಬ್ಬರ ಎರಡರಷ್ಟು.

ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಒಬ್ಬರು ಹಾರುವ ಹಕ್ಕಿ ಎಣಿಸಿದ್ದರು, ಒಬ್ಬರು ಮೊಟ್ಟೆ, ಇನ್ನೊಬ್ಬರು ಕೂತ ಹಕ್ಕಿ. ನನ್ನದು ಮೂರೂ ಕಲಸಿದ ಚಿತ್ರಾನ್ನ. ಮುಂದಿನ ವರ್ಷದ ಲೆಕ್ಕದ ಜೊತೆ ಹೋಲಿಸಲು ಅದರಲ್ಲಿ ಒಂದೂ ಪ್ರಯೋಜನಕ್ಕೆ ಬರಲಿಲ್ಲ.

ಹಾಗಾಗಿ ಈ ಬರಹದಲ್ಲಿ ನಾನು ಹಿಡಿಯುವ ಹಟ ಒಂದೇ: ಎಣಿಕೆಯ ಮುಕ್ಕಾಲು ಕೆಲಸ ಮರಳಿಗೆ ಕಾಲಿಡುವ ಮೊದಲೇ ಮುಗಿದಿರಬೇಕು. ದ್ವೀಪದ ಮೇಲೆ ನೀವು ಕಳೆಯುವ ಪ್ರತಿ ನಿಮಿಷದ ಬಾಡಿಗೆ ಕಟ್ಟುವುದು ಮೊಟ್ಟೆ, ಮರಿಗಳು. ನೀವಲ್ಲ.

ಜಾಗದ ಪರಿಚಯ ಎರಡೇ ಸಾಲಲ್ಲಿ. ಪಿಟ್ಟಿ, ಅಥವಾ ಪಕ್ಷಿಪಿಟ್ಟಿ, ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿಲೋಮೀಟರ್ ದೂರದ ಜನವಸತಿ ಇಲ್ಲದ ಹವಳದ ದಿಬ್ಬ. ಅದರ ಮರಳಿನ ಭಾಗ ಸುಮಾರು 1.2 ಹೆಕ್ಟೇರ್, ಅಂದರೆ ಮೂರು ಎಕರೆ ಗದ್ದೆಯಷ್ಟು.

## ಹಂತ 1: ಏನನ್ನು ಎಣಿಸುತ್ತೀರಿ ಅಂತ ಊರಲ್ಲೇ ತೀರ್ಮಾನ ಮಾಡಿ

ಎಣಿಸಬೇಕಾದ್ದು ಹಕ್ಕಿಯಲ್ಲ, ಗೂಡು. ಇನ್ನೂ ಸರಿಯಾಗಿ ಹೇಳಬೇಕೆಂದರೆ "ಮೊಟ್ಟೆ ಅಥವಾ ಮರಿ ಇರುವ ಜಾಗ". ಹಾರುವ ಹಕ್ಕಿಯಲ್ಲಿ ಗೂಡಿರುವ ಜೋಡಿಯೂ ಇರುತ್ತದೆ, ಸುಮ್ನೆ ಬಂದು ಕೂತ ಎಳೆಯದೂ ಇರುತ್ತದೆ, ದೂರದಿಂದ ವಿಶ್ರಾಂತಿಗೆ ಬಂದದ್ದೂ ಇರುತ್ತದೆ. ಸೂಟಿ ಟರ್ನ್ (ಟರ್ನ್ ಅಂದರೆ ಕನ್ನಡದ ರೀವ) ಅಂತೂ ಮೊದಲ ಮೊಟ್ಟೆ ಇಡುವ ಮೊದಲು ಎಷ್ಟೋ ವರ್ಷ ಕಡಲ ಮೇಲೆ ಹಾರಾಡಿಕೊಂಡೇ ಇರುತ್ತದೆ.

ಪಿಟ್ಟಿಯಲ್ಲಿ ಮುಖ್ಯವಾಗಿ ಮೂರು ಜಾತಿ. ಸೂಟಿ ಟರ್ನ್: ಬೆನ್ನು ಕಪ್ಪು, ಹೊಟ್ಟೆ ಬಿಳಿ. ಗ್ರೇಟರ್ ಕ್ರೆಸ್ಟೆಡ್ ಟರ್ನ್: ತಲೆಯ ಹಿಂದೆ ಕಪ್ಪು ಜುಟ್ಟು, ಹಳದಿ ಕೊಕ್ಕು. ಬ್ರೌನ್ ನಾಡ್ಡಿ: ಇಡೀ ಮೈ ಕಂದು, ಹಣೆ ಮಾತ್ರ ಬಿಳಿ. (ನಾಡಿ ಅಂತ ಬರೆದರೆ ಕೈ ಹಿಡಿದು ನೋಡುವ ನಾಡಿ ಆಗುತ್ತದೆ, ಅದಕ್ಕೇ ಒತ್ತಕ್ಷರ ಕೊಟ್ಟಿದ್ದೇನೆ.) ಸೂಟಿ ಮತ್ತು ನಾಡ್ಡಿ ಇಡುವುದು ಒಂದೇ ಮೊಟ್ಟೆ. ಕ್ರೆಸ್ಟೆಡ್ ಕೂಡ ಸಾಮಾನ್ಯವಾಗಿ ಒಂದೇ, ಅಪರೂಪಕ್ಕೆ ಎರಡು. ಇದು ನಮಗೆ ದೊಡ್ಡ ಅನುಕೂಲ. ಒಂದು ಮೊಟ್ಟೆ ಅಂದರೆ ಒಂದು ಗೂಡು, ಒಂದು ಗೂಡು ಅಂದರೆ ಒಂದು ಜೋಡಿ.

ಗುರುತು ಹಿಡಿಯುವಲ್ಲಿ ಎಲ್ಲರೂ ಎಡವುವ ಜಾಗ ಎರಡು:

ಹಾರಲು ಕಲಿಯುತ್ತಿರುವ ಸೂಟಿ ಮರಿಯ ಮೈಯೆಲ್ಲ ಮಸಿ ಕಂದು, ಅದರ ಮೇಲೆ ಬಿಳಿ ಚುಕ್ಕಿ. ದೂರದಿಂದ ನೋಡಿದವರು ಅದನ್ನೇ ನಾಡ್ಡಿ ಅಂತ ಬರೆದುಕೊಂಡು ಬರುತ್ತಾರೆ. ಬೆನ್ನಿನ ಮೇಲೆ ಬಿಳಿ ಚುಕ್ಕಿ ಇದೆಯಾ ನೋಡಿ. ಇದ್ದರೆ ಅದು ನಾಡ್ಡಿ ಅಲ್ಲ.

ಇನ್ನೊಂದು, ಬ್ರೈಡಲ್ಡ್ ಟರ್ನ್ ಬಂದರೆ ಸೂಟಿ ಜೊತೆ ಗೊಂದಲ. ಬ್ರೈಡಲ್ಡ್‌ನ ಬೆನ್ನು ಕಪ್ಪಲ್ಲ, ಬೂದುಗಂದು. ಹಣೆಯ ಬಿಳಿ ಪಟ್ಟಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಸೂಟಿಯದ್ದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ.

ಕೈ ಪಳಗಿಸಲು ಲಕ್ಷದ್ವೀಪದ ತನಕ ಹೋಗಬೇಕಾಗಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ಎದ್ದು ಕಾಣುವ ದಿಬ್ಬಗಳ ಮೇಲೆ ನದಿ ರೀವಗಳು (ರಿವರ್ ಟರ್ನ್) ಗುಂಪುಗುಂಪಾಗಿ ಗೂಡು ಮಾಡುತ್ತವೆ. ಅಲ್ಲಿ ಸಫಾರಿ ದೋಣಿಯಲ್ಲಿ ಕೂತು, ಇಳಿಯದೆ, ಯಾವ ಹಕ್ಕಿ ಮೊಟ್ಟೆ ಮೇಲೆ ಕೂತಿದೆ, ಯಾವುದು ಸುಮ್ನೆ ನಿಂತಿದೆ ಅಂತ ಬೇರ್ಪಡಿಸಿ ಎಣಿಸಿ ನೋಡಿ. ಪಕ್ಕದವರ ಲೆಕ್ಕದ ಜೊತೆ ಹೋಲಿಸಿ. ನಿಮ್ಮಿಬ್ಬರ ಸಂಖ್ಯೆ ಹತ್ತಿರ ಬರುವ ತನಕ ಪಿಟ್ಟಿಯ ಮಾತು ಬೇಡ.

## ಹಂತ 2: ಅನುಮತಿ ಮತ್ತು ಕಾಲ

ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಪ್ರವೇಶ ಪರವಾನಗಿ ಬೇಕು. ಅದೇ ಸಾಕು ಅಂದುಕೊಂಡವರು ಬಹಳ. ಸಾಲದು. ಪಿಟ್ಟಿಗೆ ಇಳಿಯಲು, ಎಣಿಸಲು ಅಲ್ಲಿನ ಪರಿಸರ ಮತ್ತು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಡ್ರೋನ್ ಒಯ್ಯುವುದಾದರೆ ಅದಕ್ಕೆ ಮತ್ತೊಂದು. ಅರ್ಜಿಯಲ್ಲಿ ಎಷ್ಟು ಜನ, ಎಷ್ಟು ನಿಮಿಷ, ಏನು ಮುಟ್ಟುತ್ತೀರಿ, ಏನು ಮುಟ್ಟುವುದಿಲ್ಲ ಎಂದು ಬಿಡಿಸಿ ಬರೆಯಿರಿ. ತಿಂಗಳುಗಟ್ಟಲೆ ಮೊದಲೇ ಶುರು ಮಾಡಿ. ಅನುಮತಿ ಇಲ್ಲದವರಿಗೆ ಈ ಬರಹದ ಹಂತ 5ರ ತನಕ ಮಾತ್ರ ಉಪಯೋಗ, ಅದೂ ದೂರ ನಿಂತ ದೋಣಿಯಿಂದ.

ಇನ್ನು ಕಾಲ. "ಫೆಬ್ರವರಿ ಎರಡನೇ ವಾರ ಹೋಗುವುದು" ಅಂತ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸುವುದು ಎರಡನೇ ದೊಡ್ಡ ತಪ್ಪು. ಸೂಟಿ ಟರ್ನ್ ನಮ್ಮ ವರ್ಷಕ್ಕೆ ಕಟ್ಟುಬಿದ್ದ ಹಕ್ಕಿಯಲ್ಲ. ಅಟ್ಲಾಂಟಿಕ್‌ನ ಅಸೆನ್ಷನ್ ದ್ವೀಪದಲ್ಲಿ ಅವು ಸುಮಾರು ಒಂಬತ್ತೂವರೆ ತಿಂಗಳಿಗೊಮ್ಮೆ ಮೊಟ್ಟೆಗೆ ಬರುತ್ತವೆ. ಎಲ್ಲ ಕಡೆ ಹಾಗೇ ಅಂತಲ್ಲ. ಆದರೆ ಹೋದ ವರ್ಷದ ತಾರೀಕನ್ನು ನೆಚ್ಚಿಕೊಂಡರೆ ಮೋಸ ಹೋಗುವ ಸಾಧ್ಯತೆ ಜಾಸ್ತಿ.

ಹಾಗಾದರೆ ಯಾರನ್ನು ಕೇಳುವುದು? ಟ್ಯೂನಾ ಹಿಡಿಯುವವರನ್ನು. ನಮ್ಮ ಕರಾವಳಿಯಲ್ಲಿ ಕೇದರ ಅಂತೀವಲ್ಲ, ಅದೇ ಮೀನಿನ ಬಂಧು ಬಳಗ. ಲಕ್ಷದ್ವೀಪದವರು ಗಾಳದ ಕೋಲು ಹಿಡಿದು ಅದನ್ನು ಹಿಡಿಯುವಾಗ ಮೊದಲು ಹುಡುಕುವುದೇ ಹಕ್ಕಿ ಗುಂಪನ್ನು. ಟ್ಯೂನಾ ಕೆಳಗಿನಿಂದ ಸಣ್ಣ ಮೀನುಗಳನ್ನು ಮೇಲಕ್ಕೆ ಅಟ್ಟುತ್ತದೆ, ಸೂಟಿ ಮತ್ತು ನಾಡ್ಡಿ ಮೇಲಿನಿಂದ ಎರಗುತ್ತವೆ. ಹಕ್ಕಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತಿದೆ ಎಂಬುದು ಅವರಿಗೆ ಅನ್ನದ ಪ್ರಶ್ನೆ, ನಮಗೆ ಹವ್ಯಾಸದ್ದು. ಒಂದು ಫೋನ್ ಮಾಡಿ, "ಪಿಟ್ಟಿ ಮೇಲೆ ಹಕ್ಕಿ ಕೂತಿದೆಯಾ, ಇಲ್ಲಾ ರಾತ್ರಿ ಬಂದು ಬೆಳಗ್ಗೆ ಹೋಗುತ್ತಿದೆಯಾ" ಅಂತ ಕೇಳಿ. ರಾತ್ರಿ ಗದ್ದಲ, ಹಗಲು ಖಾಲಿ ಅಂದರೆ ಸೂಟಿಗಳು ಇನ್ನೂ ಮೊಟ್ಟೆ ಇಟ್ಟಿಲ್ಲ ಅಂತ ಅರ್ಥ.

ಎಣಿಕೆಗೆ ಒಳ್ಳೆಯ ಸಮಯ ಕಾವಿನ ಕೊನೆಯ ಭಾಗ, ಮರಿ ಒಡೆಯುವ ಸ್ವಲ್ಪ ಮೊದಲು. ಸೂಟಿಗೆ ಕಾವು ಸುಮಾರು ನಾಲ್ಕು ವಾರ, ನಾಡ್ಡಿಗೆ ಐದು ವಾರ. ತೀರಾ ಬೇಗ ಹೋದರೆ ಅರ್ಧ ಹಕ್ಕಿ ಮೊಟ್ಟೆ ಇಟ್ಟಿರುವುದಿಲ್ಲ, ಇಟ್ಟವು ಹೆದರಿ ಬಿಟ್ಟು ಹೋಗುತ್ತವೆ. ತಡ ಮಾಡಿದರೆ ಮರಿಗಳು ಕಲ್ಲಿನ ಸಂದಿಗೆ ಓಡಿ ಅಡಗುತ್ತವೆ, ಲೆಕ್ಕ ಸಿಗದು. ಮೇ ಮಧ್ಯದಿಂದ ಮಳೆಗಾಲ ಮುಗಿಯುವ ತನಕ ಸಣ್ಣ ದೋಣಿಗೆ ಈ ಕಡಲು ಮುಚ್ಚಿದ ಬಾಗಿಲು. ಆ ತಿಂಗಳುಗಳ ಲೆಕ್ಕ ಸಿಗುವುದಿಲ್ಲ ಎಂದು ಒಪ್ಪಿಕೊಂಡೇ ಯೋಜನೆ ಹಾಕಿ.

## ಹಂತ 3: ಚೀಲದಲ್ಲಿ ಏನೇನು

8×42 ಬೈನಾಕ್ಯುಲರ್. ಉದ್ದ ಲೆನ್ಸಿನ ಕ್ಯಾಮೆರಾ. ಬೆರಳಿನಿಂದ ಒತ್ತಿ ಎಣಿಸುವ ಕ್ಲಿಕ್ಕರ್, ಒಬ್ಬರಿಗೆ ಎರಡು. ನೀರಿಗೆ ಹಾಳಾಗದ ಪುಸ್ತಕ ಮತ್ತು ಪೆನ್ಸಿಲ್. ಪೆನ್ ಬೇಡ. ನನ್ನ ಮೊದಲ ದಿನದ ಲೆಕ್ಕದ ಅರ್ಧ ಒಂದೇ ಒಂದು ಅಲೆಗೆ ನೀಲಿ ಕಲೆಯಾಗಿ ಹೋಯಿತು.

ಜಿಪಿಎಸ್, ಅಥವಾ ನಕ್ಷೆ ಮೊದಲೇ ಇಳಿಸಿಟ್ಟುಕೊಂಡ ಫೋನ್. ದಡಕ್ಕೆ ಮಾತಾಡಲು ವಿಎಚ್‌ಎಫ್ ರೇಡಿಯೊ, ಯಾಕಂದರೆ ಅಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರುವ ಹಾಗಿಲ್ಲ. ಲೈಫ್ ಜಾಕೆಟ್, ಹವಳ ಕೊಯ್ಯದ ಹಾಗೆ ಗಟ್ಟಿ ತಳದ ರಬ್ಬರ್ ಶೂ, ತಲಾ ನಾಲ್ಕೈದು ಲೀಟರ್ ನೀರು. ಅಗಲ ಅಂಚಿನ ಟೋಪಿ, ಅದಕ್ಕೆ ಮೇಲೆದ್ದ ಹಾಗೆ ಒಂದು ಕಡ್ಡಿ ಸಿಕ್ಕಿಸಿ. ಟರ್ನ್ ಎರಗುವುದು ಯಾವಾಗಲೂ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ. ಕಡ್ಡಿ ಇದ್ದರೆ ಕಡ್ಡಿಗೆ, ಇಲ್ಲದಿದ್ದರೆ ನೆತ್ತಿಗೆ.

ಮತ್ತೆ ಒಂದು ಹಗ್ಗ. ಉದ್ದ ಸರಿಯಾಗಿ 5.64 ಮೀಟರ್. ಈ ವಿಚಿತ್ರ ಸಂಖ್ಯೆ ಯಾಕೆ ಅಂದರೆ, ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ ನೂರು ಚದರ ಮೀಟರ್. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಹಾಗಾಗಿ ನೆನೆಸಿ, ಎಳೆದು, ಆಮೇಲೆ ಅಳತೆ ಮಾಡಿ ಗಂಟು ಹಾಕಿ.

ಗೂಡಿಗೆ ಗುರುತು ಇಡಲು ಗೇಣುದ್ದದ ಬಿದಿರು ಕಡ್ಡಿ, ತುದಿಗೆ ಬಣ್ಣ. ಬ್ರಿಟನ್‌ನಲ್ಲಿ ಇದಕ್ಕೆ ಬೇಯಿಸದ ಪಾಸ್ತಾ ತುಂಡು ಹಾಕುವವರಿದ್ದಾರೆ, ಮಳೆಗೆ ಕರಗಿ ಹೋಗುತ್ತದೆ ಅಂತ. ಹವಳದ ದ್ವೀಪದಲ್ಲಿ ಆ ಉಪಾಯ ಬೇಡ. ಏಡಿಗಳಿಗೆ ನೀವೇ ಊಟದ ಎಲೆ ಹಾಕಿ ಗೂಡಿಗೆ ಕರೆದ ಹಾಗಾಗುತ್ತದೆ.

## ಹಂತ 4: ಇಲಿ ತಪಾಸಣೆ, ಹಿಂದಿನ ರಾತ್ರಿ

ಇದನ್ನು ಬಿಡುವವರೇ ಜಾಸ್ತಿ. ಲಕ್ಷದ್ವೀಪದ ಜನವಸತಿ ದ್ವೀಪಗಳಲ್ಲಿ ತೆಂಗಿಗೆ ಇಲಿಯ ಕಾಟ ಎಷ್ಟೆಂದು ಅಲ್ಲಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ಊರಿನಲ್ಲಿ ನಿಮ್ಮ ಡಬ್ಬ, ಚೀಲ, ಹಗ್ಗದ ಸುರುಳಿ ರಾತ್ರಿಯೆಲ್ಲ ಬಿದ್ದಿರುತ್ತವೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ದ್ವೀಪಕ್ಕೆ ಬಸುರಿ ಇಲಿ ಒಂದು ಹತ್ತಿದರೂ ಮುಂದಿನ ಕಥೆ ಮುಗಿಯಿತು.

ಸಾಮಾನನ್ನು ಮುಚ್ಚಳ ಬಿಗಿಯುವ ಡ್ರಮ್ಮಿಗೇ ತುಂಬಿ. ಬಾಗಿಲು ಹಾಕಿದ ಕೋಣೆಯಲ್ಲಿ, ಬಿಳಿ ಬಟ್ಟೆಯ ಮೇಲೆ ಒಂದೊಂದೇ ವಸ್ತು ಸುರಿದು ನೋಡಿ ತುಂಬಿ. ಶೂ ತಳ ಉಜ್ಜಿ ತೊಳೆಯಿರಿ. ಬೀಜ, ಇರುವೆ ಎರಡೂ ಅಲ್ಲೇ ಅಂಟಿರುತ್ತವೆ. ದೋಣಿಯ ತಳದ ಹಲಗೆ ಎತ್ತಿ ನೋಡಲು ತಂಡೇಲರನ್ನು, ಅಂದರೆ ದೋಣಿ ನಡೆಸುವವರನ್ನು, ಕೇಳಿ. ಮೊದಲ ಸಲ ನಗುತ್ತಾರೆ, ನಗಲಿ.

## ಹಂತ 5: ಇಳಿಯುವ ಮೊದಲು ಒಂದು ಗಂಟೆ ದೋಣಿಯಲ್ಲೇ ಕೂರಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ, ಇದನ್ನೇ ಎಲ್ಲರೂ ಹಾರಿಸುವುದು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ಹಕ್ಕಿ ಏಳದಷ್ಟು ದೂರದಲ್ಲಿ, ಎಂಜಿನ್ ಸದ್ದು ಇಳಿಸಿ, ನಿಧಾನ ಒಂದು ಸುತ್ತು ಹಾಕಿ.

ಮೊದಲು ಚಿತ್ರ ಬರೆಯಿರಿ. ಮರಳಿನ ಆಕಾರ, ಯಾವ ಜಾತಿ ಎಲ್ಲಿ ಕೂತಿದೆ, ಖಾಲಿ ಜಾಗ ಎಲ್ಲಿ. ಹಳೆಯ ನಕ್ಷೆಯ ಮೇಲೆ ಗುರುತು ಹಾಕಬೇಡಿ. ಇಂಥ ದಿಬ್ಬಗಳು ಒಂದೇ ಕಡೆ ಇರುವುದಿಲ್ಲ. ಲಕ್ಷದ್ವೀಪದ್ದೇ ಆದ ಬಂಗಾರಂ ಪಕ್ಕದ ಪರಾಳಿ-1 ಎಂಬ ದ್ವೀಪ ಪೂರ್ತಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ಸುದ್ದಿಯಾಗಿತ್ತು, ನೆನಪಿದೆ ಅಲ್ವಾ? ವಿಸ್ತೀರ್ಣವನ್ನು ಪ್ರತಿ ಸಲ ಹೊಸದಾಗಿ ಅಳೆಯಬೇಕು.

ಆಮೇಲೆ ಹಕ್ಕಿಗಳ ಕೊಕ್ಕು ನೋಡಿ. ಕ್ರೆಸ್ಟೆಡ್ ಟರ್ನ್ ಮೀನನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು ತರುತ್ತದೆ. ಮೀನು ಹಿಡಿದ ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಅಲ್ಲಿ ಮರಿ ಇದೆ. ಇದೇ ನಿಯಮ ಸೂಟಿ, ನಾಡ್ಡಿಗೆ ಹಾಕಬೇಡಿ. ಅವು ನುಂಗಿ ತಂದು, ಮರಿಯ ಬಾಯಿಗೆ ಕಕ್ಕಿ ಉಣಿಸುತ್ತವೆ. ಖಾಲಿ ಕೊಕ್ಕು ನೋಡಿ "ಇನ್ನೂ ಮರಿ ಒಡೆದಿಲ್ಲ" ಅಂತ ಧೈರ್ಯವಾಗಿ ಇಳಿದು, ಕಾಲ ಕೆಳಗೆಲ್ಲ ಮರಿ ಕಂಡು ಕಂಗಾಲಾದವರನ್ನು ನೋಡಿದ್ದೇನೆ.

ಕ್ರೆಸ್ಟೆಡ್ ಟರ್ನ್‌ಗಳ ಎಣಿಕೆ ಇಲ್ಲಿಂದಲೇ ಮುಗಿಸಿ. ಅವು ಕೊಕ್ಕು ಚಾಚಿದರೆ ತಾಗುವಷ್ಟು ಒತ್ತೊತ್ತಾಗಿ ಕೂರುತ್ತವೆ, ಮೊಟ್ಟೆ ಇಟ್ಟ ಹೊಸತರಲ್ಲಿ ಕೆಣಕಿದರೆ ಇಡೀ ಗುಂಪು ಜಾಗ ಬಿಟ್ಟು ಹೋಗಬಹುದು. ಅವುಗಳ ನಡುವೆ ಕಾಲಿಡುವ ಯಾವ ವಿಧಾನವೂ ನನಗೆ ಒಪ್ಪಿಗೆ ಇಲ್ಲ. ಅಂಚು ಒಂದರ ಮೇಲೊಂದು ಬರುವ ಹಾಗೆ ಸಾಲಾಗಿ ಫೋಟೊ ತೆಗೆಯಿರಿ, ಎರಡು ಬೇರೆ ದಿಕ್ಕಿನಿಂದ. ಮನೆಗೆ ಬಂದು ಡಾಟ್‌ಡಾಟ್‌ಗೂಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ಹಕ್ಕಿಗೂ ಚುಕ್ಕಿ ಇಟ್ಟು ಎಣಿಸಬಹುದು. ಮೊಟ್ಟೆ ಮೇಲಿರುವುದು ಮೈ ತಗ್ಗಿಸಿ ಅಗಲವಾಗಿ ಕೂತಿರುತ್ತದೆ. ಸುಮ್ನೆ ಕೂತದ್ದರ ಸುತ್ತ ಮರಳು ಸ್ವಚ್ಛ. ಕಾವು ಕೂತದ್ದರ ಸುತ್ತ, ದಿನ ಕಳೆದಂತೆ, ಹಿಕ್ಕೆಯ ಬಿಳಿ ಉಂಗುರ ಕಟ್ಟಿರುತ್ತದೆ.

## ಹಂತ 6: ಇಳಿಯುವುದು

ಪಿಟ್ಟಿಗೆ ಬಂದರು ಇಲ್ಲ, ದೋಣಿಗೆ ಲಂಗರು ಹಾಕಲು ನೆಮ್ಮದಿಯ ಜಾಗವೂ ಇಲ್ಲ. ಅಲೆ ನೇರ ಹವಳಕ್ಕೆ ಬಡಿಯುತ್ತದೆ. ಇಳಿಯಬೇಕಾ ಬೇಡವಾ ಎಂಬುದು ತಂಡೇಲರ ತೀರ್ಮಾನ, ನಿಮ್ಮದಲ್ಲ. ಅವರು ಬೇಡ ಅಂದರೆ ಬೇಡ. ಹಂತ 5ರ ಲೆಕ್ಕದಿಂದಲೇ ವಾಪಸ್.

ಇಳಿಯುವುದು ಮೂರೇ ಜನ. ಬೆಳಗ್ಗೆ ಎಂಟರ ಒಳಗೆ ಮುಗಿಸಬೇಕು, ಇಲ್ಲಾ ಸಂಜೆ ಬಿಸಿಲು ಇಳಿದ ಮೇಲೆ. ಮಳೆ ಹನಿಯುತ್ತಿದ್ದರೆ ಬೇಡ. ನಾನು ಹಾಕಿಕೊಂಡ ಮಿತಿ ಹೀಗೆ: ಒಂದು ಭಾಗದಲ್ಲಿ 20 ನಿಮಿಷ, ಇಡೀ ದ್ವೀಪದ ಮೇಲೆ ಒಂದು ಗಂಟೆ. ದೋಣಿಯಲ್ಲಿ ಉಳಿದವರು ಗಡಿಯಾರ ನೋಡಿ ಶಿಳ್ಳೆ ಹೊಡೆಯಬೇಕು. ಶಿಳ್ಳೆ ಕೇಳಿದರೆ ಅರ್ಧ ವೃತ್ತದಲ್ಲಿದ್ದರೂ ಹೊರಗೆ.

ಈ ಅವಸರ ಯಾಕೆ ಅಂತ ನನಗೆ ಅರ್ಥ ಆದದ್ದು ಒಂದು ಹಕ್ಕಿಯಿಂದ. ದೋಣಿಯಲ್ಲಿ ಕೂತು ನೋಡುತ್ತಿದ್ದೆ. ಒಂದು ಟರ್ನ್ ನೀರಿಗೆ ತಗ್ಗಿ ಹಾರಿ, ಹೊಟ್ಟೆಯನ್ನು ಅಲೆಗೆ ಎರಡು ಮೂರು ಸಲ ತಾಗಿಸಿ ಬಂತು. ಮರಳಿಗೆ ಇಳಿದಾಗ ಹೊಟ್ಟೆಯ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗೂಡಿನಲ್ಲಿದ್ದ ಜೋಡಿ ಎದ್ದು ಪಕ್ಕಕ್ಕೆ ಸರಿಯಿತು, ಇದು ಒದ್ದೆ ಹೊಟ್ಟೆಯನ್ನೇ ಮೊಟ್ಟೆಯ ಮೇಲಿಟ್ಟು ಕೂತಿತು. ಮೊಟ್ಟೆ ಬಿಸಿಲಿಗೆ ಕಂಡದ್ದು ಎರಡು ಸೆಕೆಂಡ್ ಇರಬಹುದು. ಅಲ್ಲಿ ಅವು ಕೂರುವುದು ಕಾವು ಕೊಡಲು ಮಾತ್ರವಲ್ಲ, ತಂಪಾಗಿಡಲು. ನಡು ಹಗಲು ಅಂಥ ಮರಳು 50 ಡಿಗ್ರಿ ದಾಟುವುದುಂಟು. ನಾವು ಅರ್ಧ ಗಂಟೆ ನಿಂತರೆ ಒಳಗಿರುವುದು ಬೇಯುತ್ತದೆ.

## ಹಂತ 7: ವೃತ್ತ ಹಾಕಿ ಎಣಿಸುವುದು

ಸೂಟಿ ಮತ್ತು ನಾಡ್ಡಿಗೆ ಈ ವಿಧಾನ. ಮೊಟ್ಟೆ ಜಾಸ್ತಿ ಇರುವ ಜಾಗ ಹುಡುಕಿ ಅಲ್ಲೇ ವೃತ್ತ ಹಾಕುವುದು ಮನುಷ್ಯನ ಸಹಜ ಬುದ್ಧಿ. ಅದನ್ನು ಕಟ್ಟಿಹಾಕಲು ಬಿಂದುಗಳನ್ನು ಮೊದಲೇ ಗುರುತಿಸಿ. ಮನೆಯಲ್ಲೇ ಜಿಪಿಎಸ್‌ನಲ್ಲಿ 30 ಮೀಟರ್ ಅಂತರದ ಚೌಕಳಿ ಹಾಕಿಕೊಳ್ಳಿ. 1.2 ಹೆಕ್ಟೇರಿಗೆ ಸುಮಾರು ಹದಿಮೂರು ಬಿಂದು ಬರುತ್ತದೆ. ಸ್ಥಳದಲ್ಲಿ ನೀರಿಗೆ ಬಿದ್ದ ಬಿಂದು ಬಿಡಿ. ಕ್ರೆಸ್ಟೆಡ್ ಗುಂಪಿನ ಒಳಗೆ ಬಿದ್ದದ್ದನ್ನೂ ಬಿಡಿ, ಆ ಗುಂಪು ಕೂತ ಜಾಗವನ್ನು ವಿಸ್ತೀರ್ಣದಿಂದಲೂ ಕಳೆಯಿರಿ.

1. ಬಿಂದುವಿನಲ್ಲಿ ಒಬ್ಬರು ಹಗ್ಗದ ತುದಿ ಹಿಡಿದು ಕೂರಿ. ನಿಲ್ಲಬೇಡಿ, ಕೂತರೆ ಹಕ್ಕಿ ಬೇಗ ಇಳಿಯುತ್ತದೆ.

2. ಎರಡನೆಯವರು ಹಗ್ಗ ಎಳೆದು ಹಿಡಿದು ಸುತ್ತ ಬರಲಿ. ಕಾಲನ್ನು ಎತ್ತಿ ಇಡಬೇಡಿ, ಮರಳಿಗೆ ತಾಗಿಸಿಕೊಂಡೇ ಸರಿಸಿ. ಮುಂದಿನ ಹೆಜ್ಜೆಯ ಜಾಗ ಕಣ್ಣಿಗೆ ಬೀಳದೆ ಹೆಜ್ಜೆ ಬೇಡ. ಮೊಟ್ಟೆಯ ಬಣ್ಣ ಮರಳಿನದ್ದೇ.

3. ಮೊಟ್ಟೆ, ಮರಿ, ಸತ್ತ ಮರಿ, ಜಾತಿವಾರು ಕೂಗಿ ಹೇಳಿ. ಮೂರನೆಯವರು ಬರೆಯಲಿ, ಬರೆದದ್ದನ್ನು ತಿರುಗಿ ಕೂಗಲಿ. ಹಕ್ಕಿಗಳ ಗದ್ದಲದಲ್ಲಿ ಆರು ಅಂದದ್ದು ಮೂರು ಅಂತ ಕೇಳಿಸುತ್ತದೆ.

4. ಹಗ್ಗದ ಅಡಿಯಲ್ಲೇ ಮೊಟ್ಟೆ ಸಿಕ್ಕರೆ ಒಂದನ್ನು ಸೇರಿಸಿ, ಮುಂದಿನದನ್ನು ಬಿಡಿ. ಎಲ್ಲವನ್ನೂ ಸೇರಿಸಿದರೆ ವೃತ್ತ ಗೊತ್ತಿಲ್ಲದೆ ದೊಡ್ಡದಾಗುತ್ತದೆ.

5. ಏನೂ ಸಿಗದ ವೃತ್ತಕ್ಕೆ ಸೊನ್ನೆ ಬರೆಯಿರಿ. ಗೆರೆ ಎಳೆಯಬೇಡಿ, ಖಾಲಿ ಬಿಡಬೇಡಿ. ಸೊನ್ನೆ.

ಈ ಸೊನ್ನೆಯ ಮೇಲೆ ಸ್ವಲ್ಪ ನಿಲ್ಲೋಣ, ಲೆಕ್ಕ ಕೆಡುವುದು ಬಹುಪಾಲು ಇಲ್ಲೇ. ಉದಾಹರಣೆಗೆ 13 ವೃತ್ತ ಹಾಕಿದಿರಿ. 5ರಲ್ಲಿ ಏನೂ ಇಲ್ಲ, ಉಳಿದ 8ರಲ್ಲಿ ಒಟ್ಟು 96 ಮೊಟ್ಟೆ. ಸರಿಯಾದ ಲೆಕ್ಕ: 1300 ಚದರ ಮೀಟರಿನಲ್ಲಿ 96, ಹಾಗಾದರೆ 12,000 ಚದರ ಮೀಟರಿನಲ್ಲಿ ಸುಮಾರು 886. ಸೊನ್ನೆ ಬಂದ ಐದನ್ನು "ಅಲ್ಲಿ ಏನೂ ಇರಲಿಲ್ಲವಲ್ಲ" ಅಂತ ಬಿಟ್ಟುಬಿಟ್ಟರೆ 800 ಚದರ ಮೀಟರಿನಲ್ಲಿ 96 ಆಗುತ್ತದೆ, ಇಡೀ ದ್ವೀಪಕ್ಕೆ 1440. ಇಲ್ಲದ 554 ಗೂಡು ಗಾಳಿಯಲ್ಲಿ ಹುಟ್ಟಿದವು. ಮುಂದಿನ ವರ್ಷ ಬೇರೆಯವರು ಸರಿಯಾಗಿ ಲೆಕ್ಕ ಮಾಡಿದಾಗ "ಹಕ್ಕಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿದೆ" ಎಂಬ ವರದಿ ಬರುತ್ತದೆ, ಅದಕ್ಕೊಂದು ಸಭೆಯೂ ನಡೆಯುತ್ತದೆ.

ಗೂಡುಗಳು ಒಂದೇ ಮೂಲೆಯಲ್ಲಿ ಇದ್ದರೆ ಇನ್ನೊಂದು ದಾರಿ ಇದೆ. ಗುಂಪಿನ ಹೊರ ಅಂಚಿನಲ್ಲಿ ಜಿಪಿಎಸ್ ಹಿಡಿದು ನಡೆದು ಅದರ ವಿಸ್ತೀರ್ಣ ತೆಗೆಯಿರಿ, ಆ ಗಡಿಯ ಒಳಗಿನ ವೃತ್ತಗಳನ್ನು ಮಾತ್ರ ಬಳಸಿ, ಅದೇ ವಿಸ್ತೀರ್ಣಕ್ಕೆ ಗುಣಿಸಿ. ಎರಡೂ ಸರಿ. ಒಂದರ ವೃತ್ತ, ಇನ್ನೊಂದರ ವಿಸ್ತೀರ್ಣ ಬೆರೆಸುವುದು ಮಾತ್ರ ತಪ್ಪು.

## ಹಂತ 8: ನಿಮ್ಮ ಕಣ್ಣು ಎಷ್ಟು ತಪ್ಪಿಸುತ್ತದೆ ಅಂತ ಅಳೆಯಿರಿ

ಹಾಕಿದ ಎಲ್ಲ ವೃತ್ತದಲ್ಲಿ ಅಲ್ಲ, ಎರಡು ಮೂರರಲ್ಲಿ ಮಾತ್ರ. ಮೊದಲನೆಯವರು ಕಂಡ ಪ್ರತಿ ಗೂಡಿನ ಪಕ್ಕ ಬಿದಿರು ಕಡ್ಡಿ ಇಡುತ್ತಾ ಹೋಗಲಿ. ಅವರ ಹಿಂದೆಯೇ, ಅದೇ ಭೇಟಿಯಲ್ಲಿ, ಎರಡನೆಯವರು ತಮ್ಮ ಪಾಡಿಗೆ ಎಣಿಸಲಿ. ಕಡ್ಡಿ ಇದ್ದದ್ದು ಎಷ್ಟು, ಇಲ್ಲದ್ದು ಎಷ್ಟು ಅಂತ ಬೇರೆ ಬೇರೆ ಕ್ಲಿಕ್ಕರಿನಲ್ಲಿ.

ಉದಾಹರಣೆಗೆ ಮೊದಲನೆಯವರು 80 ಕಡ್ಡಿ ಇಟ್ಟರು. ಎರಡನೆಯವರು 90 ಗೂಡು ಕಂಡರು, ಅದರಲ್ಲಿ 72ಕ್ಕೆ ಕಡ್ಡಿ ಇತ್ತು. ನಿಜವಾದ ಸಂಖ್ಯೆಯ ಅಂದಾಜು 80 × 90 ÷ 72, ಅಂದರೆ 100. ಮೊದಲನೆಯವರ ಕಣ್ಣಿಗೆ ನೂರರಲ್ಲಿ ಇಪ್ಪತ್ತು ತಪ್ಪಿವೆ. ಬೇಜಾರು ಬೇಡ, ಎಲ್ಲರಿಗೂ ತಪ್ಪುತ್ತವೆ. ಈ ಪ್ರಮಾಣ ಗೊತ್ತಾದರೆ ಉಳಿದ ವೃತ್ತಗಳನ್ನು ತಿದ್ದಬಹುದು. ಕಡ್ಡಿಗಳನ್ನು ಎರಡನೆಯವರೇ ಕಿತ್ತುಕೊಂಡು ಬರಬೇಕು, ಎಣಿಸಿ. 80 ಇಟ್ಟದ್ದಕ್ಕೆ 80 ವಾಪಸ್.

## ಹಂತ 9: ಈ ಗುರುತು ಕಂಡರೆ ಎಣಿಕೆ ನಿಲ್ಲಿಸಿ

ಹಕ್ಕಿ ಕಿರುಚುತ್ತಿದ್ದರೆ ಅದು ಮಾಮೂಲು. ಸದ್ದು ಒಮ್ಮೆಲೇ ನಿಂತು, ಇಡೀ ಗುಂಪು ತಗ್ಗಿ ಕಡಲಿನ ಕಡೆಗೆ ಹಾರಿ, ಐದು ನಿಮಿಷವಾದರೂ ವಾಪಸ್ ಬಾರದಿದ್ದರೆ ಹೊರಡಿ.

ಮರಿಗಳು ನೀರಿನ ಕಡೆ ಓಡುತ್ತಿದ್ದರೆ ಇದ್ದಲ್ಲೇ ಕೂತು, ಹಿಂದಕ್ಕೆ ಸರಿಯಿರಿ. ಅಡ್ಡಗಟ್ಟಿ ಓಡಿಸಿ ತರಲು ಹೋಗಬೇಡಿ. ದಿಕ್ಕು ತಪ್ಪಿದ ಸೂಟಿ ಮರಿ ಬೇರೆಯವರ ಗೂಡಿನ ಹತ್ತಿರ ಹೋದರೆ ಅಲ್ಲಿನ ದೊಡ್ಡ ಹಕ್ಕಿ ತಲೆಗೆ ಕುಕ್ಕಿ ಕೊಲ್ಲುತ್ತದೆ.

ಏಡಿ ಮೊಟ್ಟೆ ಎಳೆಯುತ್ತಿದ್ದರೆ, ಕಲ್ಲು ಮಗುಚಿ ತಿನ್ನುವ ಟರ್ನ್‌ಸ್ಟೋನ್ ಹಕ್ಕಿ ಮೊಟ್ಟೆಗೆ ಕೊಕ್ಕು ಹಾಕುತ್ತಿದ್ದರೆ, ನೀವು ಎಬ್ಬಿಸಿದ ಜಾಗವನ್ನು ಅವು ಬಳಸಿಕೊಳ್ಳುತ್ತಿವೆ ಎಂದು ಅರ್ಥ. ಆ ಭಾಗ ಬಿಡಿ.

ಹಲ್ಲಿನ ಗುರುತಿರುವ ಮೊಟ್ಟೆ ಚಿಪ್ಪು ಕಂಡರೆ ಇಲಿಯ ಅನುಮಾನ. ಅಳತೆಗೆ ಪಕ್ಕದಲ್ಲಿ ಪೆನ್ಸಿಲ್ ಇಟ್ಟು ಫೋಟೊ ತೆಗೆದು, ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ.

ಸತ್ತ ದೊಡ್ಡ ಹಕ್ಕಿಗಳು ಒಂದಕ್ಕಿಂತ ಹೆಚ್ಚಿದ್ದರೆ, ಅಥವಾ ಕುತ್ತಿಗೆ ತಿರುಚಿಕೊಂಡು, ಹಾರಲಾಗದೆ ಸುತ್ತುತ್ತಿರುವ ಹಕ್ಕಿ ಇದ್ದರೆ ಇಳಿಯಲೇಬೇಡಿ. ಇಳಿದಿದ್ದರೆ ಏನನ್ನೂ ಮುಟ್ಟದೆ ಹತ್ತಿ. ಎಚ್5ಎನ್1 ಹಕ್ಕಿಜ್ವರ 2022ರಲ್ಲಿ ಯುರೋಪಿನ ಸ್ಯಾಂಡ್‌ವಿಚ್ ಟರ್ನ್ ಗುಂಪುಗಳಲ್ಲಿ ಸಾವಿರಾರು ಹಕ್ಕಿಗಳನ್ನು ಕೊಂದಿತ್ತು. ಶೂಗಳನ್ನು ಸೋಂಕುನಾಶಕದಲ್ಲಿ ಅದ್ದಿ, ಬೇರೆ ಯಾವ ದ್ವೀಪಕ್ಕೂ ಅಂದು ಹೋಗಬೇಡಿ. ಅರಣ್ಯ ಇಲಾಖೆ, ಪಶುಸಂಗೋಪನೆ ಇಲಾಖೆ ಎರಡಕ್ಕೂ ತಿಳಿಸಿ.

ಡ್ರೋನ್ ಬಳಸುವವರಿಗೂ ಇದೇ ಮಾತು. ದೋಣಿಯಿಂದಲೇ ಹಾರಿಸಿ, ಎತ್ತರದಲ್ಲೇ ಒಳಗೆ ಬನ್ನಿ, ಹಂತ ಹಂತವಾಗಿ ಇಳಿಸಿ. ಕೂತ ಹಕ್ಕಿಗಳು ತಲೆ ಎತ್ತಿ ನೋಡಲು ಶುರು ಮಾಡಿದ ಎತ್ತರವೇ ನಿಮ್ಮ ಕೊನೆಯ ಗೆರೆ.

## ಹಂತ 10: ಅದೇ ರಾತ್ರಿ ಬರೆದಿಡಿ

ದಣಿವಿರುತ್ತದೆ, ಉಪ್ಪು ಹಿಡಿದ ಮೈ, ನಿದ್ದೆ. ಆದರೂ ಅದೇ ರಾತ್ರಿ. ಪುಟಗಳ ಫೋಟೊ ತೆಗೆದು ಇಬ್ಬರ ಫೋನಿನಲ್ಲಿ ಇಡಿ. ತಾರೀಕು, ಇಳಿದ ಸಮಯ, ಹತ್ತಿದ ಸಮಯ, ಎಷ್ಟು ಜನ, ಗಾಳಿ, ಮೋಡ, ಉಬ್ಬರವೋ ಇಳಿತವೋ, ಅಂದಿನ ಮರಳಿನ ವಿಸ್ತೀರ್ಣ, ಯಾವ ವಿಧಾನ. ಗೂಡಿನ ಸಂಖ್ಯೆಗೊಂದು ಕಂಬಸಾಲು, ಹಕ್ಕಿಯ ಸಂಖ್ಯೆಗೆ ಬೇರೆಯದೇ ಕಂಬಸಾಲು. ಇವೆರಡನ್ನು ಯಾವತ್ತೂ ಕೂಡಿಸಬೇಡಿ.

ಒಂದೇ ಸಂಖ್ಯೆ ಕೊಡಬೇಡಿ, ವೃತ್ತವಾರು ಕೊಡಿ. 886 ಅಂತ ಮಾತ್ರ ಬರೆದರೆ ಅದು ಎಲ್ಲ ಕಡೆ ಸಮನಾಗಿ ಹರಡಿತ್ತಾ, ಎರಡೇ ವೃತ್ತದಲ್ಲಿ ಗುಡ್ಡೆ ಬಿದ್ದಿತ್ತಾ ಯಾರಿಗೂ ಗೊತ್ತಾಗದು. ಎರಡನೆಯದಾದರೆ ನಿಮ್ಮ ಅಂದಾಜು ತುಂಬಾ ಸಡಿಲ. ಅದನ್ನೂ ಬರೆಯಿರಿ.

## ಹಂತ 11: ಎರಡನೇ ಭೇಟಿ

ಗೂಡು ಎಷ್ಟು ಅಂತ ಗೊತ್ತಾಯಿತು. ಮರಿ ಎಷ್ಟು ಬದುಕಿದವು ಅಂತ ಗೊತ್ತಾಗಲು ಇನ್ನೊಂದು ಸಲ ಹೋಗಬೇಕು. ಈ ಸಲ ಇಳಿಯುವ ಕೆಲಸವೇ ಇಲ್ಲ. ಕ್ರೆಸ್ಟೆಡ್ ಮರಿಗಳು ಸ್ವಲ್ಪ ಬೆಳೆದ ಮೇಲೆ ಒಟ್ಟಾಗಿ ಅಂಗನವಾಡಿ ಮಕ್ಕಳ ಹಾಗೆ ಒಂದೇ ಗುಂಪಾಗಿ ನೀರಂಚಿನಲ್ಲಿ ನಿಲ್ಲುತ್ತವೆ. ದೋಣಿಯಿಂದ ಫೋಟೊ ತೆಗೆದು ಎಣಿಸಿ, ಮೊದಲ ಭೇಟಿಯ ಗೂಡಿನ ಸಂಖ್ಯೆಯಿಂದ ಭಾಗಿಸಿ. ಅವು ಮೊಟ್ಟೆಯೊಡೆದು ಸುಮಾರು 38ರಿಂದ 40 ದಿನಕ್ಕೆ ಹಾರುತ್ತವೆ, ಹಾಗಾಗಿ ಒಡೆದ ಐದನೇ ವಾರ ಅಲ್ಲಿರಬೇಕು. ಆರನೇ ವಾರ ಹೋದರೆ ಮರಿಗಳು ಹಾರಿ ಹೋಗಿರುತ್ತವೆ, ನೀವು ಸತ್ತಿವೆ ಅಂತ ಬರೆಯುತ್ತೀರಿ.

ಸೂಟಿ ಮರಿಗಳಿಗೆ ಎಂಟು ವಾರದ ಆಸುಪಾಸು ಬೇಕು. ಎರಡೂ ಜಾತಿಗೆ ಒಂದೇ ದೋಣಿ ಬಾಡಿಗೆಯಲ್ಲಿ ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಆಗುವುದಿಲ್ಲ. ದುಡ್ಡು ಒಂದು ಸಲಕ್ಕೆ ಮಾತ್ರ ಇದ್ದರೆ ಒಂದು ಜಾತಿ ಆರಿಸಿಕೊಳ್ಳಿ, ಇನ್ನೊಂದರ ಮುಂದೆ "ನೋಡಿಲ್ಲ" ಅಂತ ಬರೆಯಿರಿ. ಅಲ್ಲಿ ಸೊನ್ನೆ ಬರೆಯಬೇಡಿ.